ಅಕ್ಕನಿಗೆ ಬಂದ ಎಂಟು

ನನ್ನ ಅಕ್ಕನ ಗಂಡ ಜಂಬುನಾಥ ಮಾವನಿಗೆ ಜ್ಞಾನೋದಯವಾದದ್ದು ಬಳ್ಳಾರಿಯ ಒಂದು ಕಲ್ಯಾಣಮಂಟಪದಲ್ಲಿ, ಮೂರು ದಿನದ ಶಿಬಿರದ ಕೊನೆಯ ಮಧ್ಯಾಹ್ನ. ರೋಗಕ್ಕೆಲ್ಲ ಮೈಯೊಳಗಿನ ಆಮ್ಲವೇ ಕಾರಣ, ಮೈ ಕ್ಷಾರವಾದರೆ ಗುಳಿಗೆಯೇ ಬೇಡ ಎಂದು ಯಾರೋ ಹೇಳಿದರು, ಇವರು ನಂಬಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು. ಅಷ್ಟು ವರ್ಷ ಅವರ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಸಿಕ್ಕವರನ್ನು ಬಿಡುತ್ತಿರಲಿಲ್ಲ.

ಗಾಂಧಿನಗರದ ಅವರ ಮನೆಯಿಂದ ಅನ್ನ, ಜೋಳದ ರೊಟ್ಟಿ, ತೊಗರಿ ಬೇಳೆ ಗಡೀಪಾರಾದವು. ಬೂದುಗುಂಬಳದ ರಸ ಪಟ್ಟಕ್ಕೇರಿತು. ನಿಂಬೆಹಣ್ಣಿಗೆ ಮಾತ್ರ ಮಾಫಿ. ಅದು ಹುಳಿಯಲ್ಲವೇ ಎಂದು ಕೇಳಿದೆ.

"ಬಾಯಾಗ ಹುಳಿ, ಹೊಟ್ಟ್ಯಾಗ ಕ್ಷಾರ. ನಿನಗ ತಿಳಿಯಂಗಿಲ್ಲ ಬಿಡು" ಎಂದರು.

ನನಗೆ ತಿಳಿಯುವುದಿಲ್ಲವಂತೆ. ಸಿರುಗುಪ್ಪದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ದಿನಾ ಆಮ್ಲ, ಕ್ಷಾರ ಅಳೆಯುವವನು ನಾನು. ಕಾಲುವೆ ನೀರು ನಿಂತು ಹಾಳಾದ ಗದ್ದೆಗಳ ಮಣ್ಣನ್ನು ರೈತರು ನನ್ನ ಮೇಜಿಗೇ ತಂದು ಸುರಿಯುತ್ತಾರೆ.

"ಮಾವ, ಕ್ಷಾರ ಏರಿದ ಹೊಲದಾಗ ಕರಕಿ ಹುಲ್ಲೂ ಹುಟ್ಟಂಗಿಲ್ಲ."

"ಅದು ಮಣ್ಣು. ಇದು ಮನುಷ್ಯಾರ ಮೈ."

ಏನು ತಿಂದರೂ ರಕ್ತ ಬದಲಾಗುವುದಿಲ್ಲ, ಅದನ್ನು ಶ್ವಾಸಕೋಶ, ಕಿಡ್ನಿ ನೋಡಿಕೊಳ್ಳುತ್ತವೆ, ಬದಲಾಗುವುದು ಉಚ್ಚೆ ಮಾತ್ರ ಎಂದೆ. "ಉಚ್ಚಿ ಸುಳ್ಳು ಹೇಳಂಗಿಲ್ಲ" ಎಂದು ಮಾವ ಚರ್ಚೆ ಮುಗಿಸಿದರು.

ಮರುದಿನವೇ ಬಣ್ಣ ಬದಲಿಸುವ ಕಾಗದದ ಪಟ್ಟಿಗಳು ಬಂದವು. ಬಣ್ಣ ನೋಡಿ ಅಂಕಿ ಹೇಳಬೇಕು: ಏಳಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಅಕ್ಕ ಕೊಟ್ರಬಸಮ್ಮ ಲೋಟದಲ್ಲಿ ಉಚ್ಚೆ ತಂದಿಡಬೇಕು. ಮಾವ ಪಟ್ಟಿ ಅದ್ದಿ ಅಂಕಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕುವರು. "ಇಂದು ಕೊಟ್ರಬಸಮ್ಮ: ಆರು." ಬೀಗರು, ನಿವೃತ್ತ ಮಾಸ್ತರುಗಳು, ಮೋಕಾ ಊರಿನ ದೂರದ ನೆಂಟರು ಎಲ್ಲ ಅದಕ್ಕೆ ಕೈಮುಗಿಯುವ ಚಿತ್ರ ಒತ್ತುವರು. ಅರವತ್ತರ ಹೆಂಗಸಿನ ಉಚ್ಚೆಗೆ ಊರೆಲ್ಲ ಕೈಮುಗಿಯುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಅಕ್ಕನಿಗೆ ಆರು ವರ್ಷದಿಂದ ಬಿಪಿ. ಗುಳಿಗೆಯೂ ಆಮ್ಲವೇ ಎಂದು ಮಾವ ಅದನ್ನು ಕಸದ ಬುಟ್ಟಿಗೆ ಹಾಕಿದರು. ಅಂಕಿ ಎಂಟು ಮುಟ್ಟುವ ತನಕ ಬರೀ ರಸ ಎಂದೂ ಹುಕುಂ ಮಾಡಿದರು.

"ಹಸದು ಹಸದು ಕಣ್ಣಿಗೆ ಕತ್ತಲಿ ಬರತೈತಲೇ ಬಸ್ಯಾ" ಎಂದು ಅಕ್ಕ ಫೋನಿನಲ್ಲಿ ಅತ್ತಳು.

ಸಿರುಗುಪ್ಪದಿಂದ ಗುಳಿಗೆ ಒಯ್ದು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟುಕೊಟ್ಟೆ. ಅವರ ಮನೆಯ ಬೋರಿನ ನೀರನ್ನು ಲ್ಯಾಬಿಗೆ ತಂದು ಅಳೆದೆ. ಸರಿಯಾಗಿ ಎಂಟು. ಲೋಟಕ್ಕೆ ಅದನ್ನೇ ತುಂಬು, ಬಣ್ಣಕ್ಕೆ ಎರಡು ಹನಿ ಚಹಾ ಹಾಕು ಎಂದೆ. ಮರುದಿನ ಗ್ರೂಪಿನಲ್ಲಿ ಹಬ್ಬ. ಎಂಟು ಬಂದ ಖುಷಿಗೆ ಮಾವ ಓಣಿಗೆಲ್ಲ ಸೌತೆಕಾಯಿ ಹಂಚಿದರು. ಅಕ್ಕನಿಗೆ ಎರಡು ರೊಟ್ಟಿ ಮಂಜೂರಾದವು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಎರಡು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ಮಾವ ಕುರುಗೋಡಿನಲ್ಲಿ ತಾವೇ ಶಿಬಿರ ಇಟ್ಟುಕೊಂಡರು. ಅಕ್ಕನನ್ನು ವೇದಿಕೆಗೆ ಹತ್ತಿಸಿ ಮಂದಿಗೆ ತೋರಿಸುವುದೇ ಮುಖ್ಯ ಕಾರ್ಯಕ್ರಮ. ತಮಾಷೆ ನೋಡಲು ನಾನೂ ಹೋದೆ.

ಶುರುವಾಗುವ ಮುಂಚೆ ವಿರೂಪಮ್ಮ ಎಂಬ ಅಲ್ಲಿಯ ಹೆಂಗಸೊಬ್ಬಳು ಬಂದು ಅಕ್ಕನ ಕೈ ಹಿಡಿದುಕೊಂಡಳು. ಮುಖ ಬಾತಿತ್ತು.

"ದಿನಾ ಗ್ರೂಪಿನಾಗ ನಿಮ್ಮ ಎಂಟು ನೋಡ್ತೀನ್ರಿ ಅಕ್ಕಾರ. ಧೈರ್ಯ ಬಂದು ನಾನೂ ಬಿಪಿ ಗುಳಿಗಿ ಬಿಟ್ಟೆ. ತಲಿ ತಿರುಗತೈತಿ, ಎದಿ ಹಿಡಿದಂಗ ಆಗತೈತಿ. ಆಮ್ಲ ಹೊರಗ ಹೋಗಾಕ ಹತ್ತೈತಿ ಅಂತ ಮಾಸ್ತರು ಹೇಳಿದ್ರು."

ಅಕ್ಕ ನನ್ನ ಮುಖ ನೋಡಿದಳು. ನನಗೆ ತಲೆ ಎತ್ತಲಾಗಲಿಲ್ಲ. ಆದರೂ ಹೇಡಿ ನಾನು, "ಈಕಿಗೆ ಒಳಗ ಕರದು ಹೇಳೋಣು. ವೇದಿಕಿ ಮ್ಯಾಲ ಸುಮ್ಮನಿರು, ಮಾವನ ಮರ್ಯಾದಿ ಹೋಗತೈತಿ" ಎಂದೆ.

"ಈಕಿ ಒಬ್ಬಾಕಿನ ಏನು?" ಎಂದಳು ಅಕ್ಕ.

ಮಾವ ಹಾರ ಹಾಕಿಸಿ ಮೈಕು ಕೊಟ್ಟರು. ಅಕ್ಕನಿಗೆ ಮೈಕು ಹಿಡಿಯಲೂ ಬರುತ್ತಿರಲಿಲ್ಲ.

"ನಾನು ಗುಳಿಗಿ ಬಿಟ್ಟಿಲ್ರಿ. ದಿನಾ ಕದ್ದು ನುಂಗತೀನಿ. ಉಪವಾಸ ತಾಳಲಾರದ ಸುಳ್ಳು ಹೇಳಿದೆ."

ಮಾವ ಮೇಷ್ಟರ ದನಿಯಲ್ಲೇ ಕೇಳಿದರು, "ಹಂಗಾರ ಆ ಎಂಟು ಯಾರದು?"

"ಬೋರಿನ ನೀರಿಂದು."

ಹಿಂದಿನ ಸಾಲಿನವರು ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ. "ನನ್ನ ನೋಡಿ ಯಾರ್ಯಾರು ಗುಳಿಗಿ ಬಿಟ್ಟೀರಿ, ಕೈ ಎತ್ರಿ. ಇವತ್ತ ಡಾಕ್ಟರ ಕಡೆ ಹೋಗ್ರಿ, ಕೈ ಮುಗೀತೀನಿ" ಎಂದಳು.

ವಿರೂಪಮ್ಮನ ಕೈ ಮೊದಲು ಎದ್ದಿತು. ಆಮೇಲೆ ಒಂದೊಂದಾಗಿ ಏಳುತ್ತಲೇ ಹೋದವು. ನಗು ಎಲ್ಲಿಯದೋ ಅಲ್ಲೇ ನಿಂತಿತು. ಕೊನೆಗೆ ವೇದಿಕೆಯ ಮೇಲೆಯೇ, ಅಕ್ಕನ ಪಕ್ಕದಲ್ಲಿ, ಮಾವನ ಕೈ ಮೆಲ್ಲಗೆ ಮೇಲೆದ್ದಿತು.

ಮಾವನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅವರು ಎಷ್ಟು ಬಡಕಲಾಗಿದ್ದಾರೆ ಎಂಬುದನ್ನು ನಾನು ಕಣ್ಣಿಟ್ಟು ನೋಡಿದ್ದೇ ಆಗ.

"ಯಾವಾಗಿಂದ?" ಎಂದಳು ಅಕ್ಕ.

"ನಿಂದು ಎಂಟು ಬಂತಲ್ಲ," ಎಂದರು ಮಾವ, "ಅವತ್ತಿನಿಂದ."