ಎತ್ತಿ ಹಾಕಿದ ಬಾಲು

"ನೀನು ಹಾಕಿದ್ದು ಬಾಲಾ, ಲಗ್ನಪತ್ರಿಕೆನಾ? ಬ್ಯಾಟ್ಸ್‌ಮನ್ ನಿಧಾನಕ್ಕೆ ಓದಿ, ಆಮೇಲೆ ಸಿಕ್ಸರ್ ಹೊಡ್ದ!"

ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೆದುರಿಗೇ ಕೋಚ್ ಹೀಗೆ ಕೂಗಿದಾಗ ಇಬ್ಬರು ಕಿಸಕ್ಕನೆ ನಕ್ಕರು. ಸ್ಪಿನ್ನರ್ ತಲೆಯೆತ್ತಲಿಲ್ಲ. ಚೆಂಡು ತಿರುಗಿಸಿ ಸುಲಿದುಹೋದ ತೋರುಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ನಾಲ್ಕು ವರ್ಷದ ಹಿಂದೆ ಅವನು ಏಳು ವಿಕೆಟ್ ಕಿತ್ತಾಗ ಇದೇ ಕೋಚ್ ಹೆಗಲ ಮೇಲೆ ಹೊತ್ತು ಕುಣಿದಿದ್ದ. ಆಮೇಲೆ ಭುಜ ಕೈಕೊಟ್ಟಿತು, ತಂಡ ಕೈಬಿಟ್ಟಿತು. ಎರಡು ವರ್ಷ ಕಾಡಿ ಬೇಡಿದ ಮೇಲೆ ಸಿಕ್ಕಿದ್ದು ಇದೊಂದು ಪಂದ್ಯ.

"ಕೊನೇ ಬಾಲು, ಅವ್ರಿಗೆ ಬೇಕಾಗಿದ್ದು ಐದು ರನ್ನು. ಜೋರಾಗಿ ಹಾಕು ಅಂದಿರ್ಲಿಲ್ವಾ? ಎತ್ತಿ ಹಾಕು ಅಂದೋನು ಯಾವನು?"

ಅಂದವನು ಎದುರಿನ ಬೆಂಚಿನಲ್ಲೇ ಇದ್ದ. ವಿಕೆಟ್ ಕೀಪರ್, ಸ್ವಂತ ಅಕ್ಕನ ಗಂಡ. "ಮುಂದೆ ನುಗ್ತಾನೆ ಕಣೋ, ಎತ್ತಿ ಹಾಕು, ಸ್ಟಂಪ್ ಮಾಡೋದು ನಂಗೆ ಬಿಡು" ಎಂದು ಕಿವಿಯಲ್ಲಿ ಊದಿದ್ದ ಭಾವ ಈಗ ಏನೂ ಗೊತ್ತಿಲ್ಲದವನ ಹಾಗೆ ಬಿಚ್ಚಿದ ಪ್ಯಾಡನ್ನೇ ಮತ್ತೆ ಬಿಚ್ಚುತ್ತಿದ್ದ. ಅಕ್ಕನ ಮುಖ ನೆನಪಾಗಿ ಸ್ಪಿನ್ನರ್ ಭಾವನ ಹೆಸರೆತ್ತಲಿಲ್ಲ.

"ನಾಳೆಯಿಂದ ಬರ್ಬೇಡ" ಎಂದು ಕೋಚ್ ಹೊರಟುಹೋದ.

ಸ್ಪಿನ್ನರ್ ಬ್ಯಾಗು ಹೆಗಲಿಗೇರಿಸಿ ಬಾಗಿಲು ದಾಟುವಾಗ ಭಾವ ಓಡಿಬಂದು ತೋಳು ಹಿಡಿದ.

"ನೋಡಪ್ಪಾ, ನಿಂಗಿನ್ನೂ ವಯಸ್ಸಿದೆ. ನಂದು ಇದೇ ಕೊನೇ ಸೀಸನ್ನು. ನಿಮ್ಮಕ್ಕನ ಹತ್ರ ಮಾತ್ರ ಬಾಯಿ ಬಿಡ್ಬೇಡ, ಆಯ್ತಾ?"

ಅವನು ಭಾವನ ಕೈ ಕೊಡವಿ ಮೆಟ್ಟಿಲಿಳಿದ. "ಆಯ್ತೇನೋ?" ಎಂದು ಹಿಂದಿನಿಂದ ಮತ್ತೆ ಕೇಳಿದರೂ ತಿರುಗಿ ನೋಡದೆ ಗೇಟಿನತ್ತ ನಡೆದುಬಿಟ್ಟ.