ಸಪ್ಪೆ ಬುತ್ತಿ

“ಲೇ ಕಿಡಿ, ಉಪ್ಪು ಖಾರ ತಿನ್ನೋ ಗಂಡಸರ ಸಾಲಲ್ಲಿ ನೀನು ಕೂತ್ಕೋಬೇಡ. ಎದ್ದು ಆಚೆ ಹೋಗು, ನಮಗೂ ಅಂಟೀತು.”

ಮೇಸ್ತ್ರಿ ಇಷ್ಟು ಹೇಳಿ ಕಿಡಿಯ ಬುತ್ತಿಯ ಡಬ್ಬಿಯನ್ನು ಚಪ್ಪಲಿ ಕಾಲಿನಿಂದ ಪಕ್ಕಕ್ಕೆ ಸರಿಸಿದ. ಡಬ್ಬಿಯಲ್ಲಿ ಬೇಯಿಸಿದ ಕಾಳು, ಸೊಪ್ಪು, ಒಂದು ಮೊಟ್ಟೆ ಇದ್ದವು. ಸುತ್ತ ಕೂತವರು ತುತ್ತನ್ನು ಬಾಯಲ್ಲಿಟ್ಟುಕೊಂಡೇ ನಕ್ಕರು. ನಕ್ಕರೆ ನಗಲಿ ಎನ್ನಬಹುದಿತ್ತು. ಆದರೆ ಬೆಳಿಗ್ಗೆ ಅವನು ಮರೆತು ಬಂದಿದ್ದ ಆ ಡಬ್ಬಿಯನ್ನು ತಂದ ಹೆಂಡತಿ ಇನ್ನೂ ವೆಲ್ಡಿಂಗ್ ಶೆಡ್ಡಿನ ಬಾಗಿಲಲ್ಲೇ ಇದ್ದಳು. ಏಳು ತಿಂಗಳ ಹೊಟ್ಟೆ ಹೊತ್ತು, ಕಬ್ಬಿಣದ ಸ್ಟೂಲಿನ ಮೇಲೆ ದಣಿವಾರಿಸಿಕೊಳ್ಳುತ್ತ ಕೂತಿದ್ದಳು.

ಕಿಡಿ ಎಂಬ ಹೆಸರು ಅವನಿಗೆ ವೆಲ್ಡಿಂಗ್ ಕೆಲಸದಿಂದ ಬಂದದ್ದಲ್ಲ, ಮೂಗಿನ ತುದಿಯಲ್ಲಿರುವ ಕೋಪದಿಂದ ಬಂದದ್ದು. ಇದರ ಅರ್ಧದಷ್ಟು ಮಾತಿಗೆ ಹಿಂದೊಮ್ಮೆ ಒಬ್ಬನ ಕಾಲರ್ ಕೈಗೆ ಬಂದಿತ್ತು. ಈಗಲೂ ಅಂಗೈ ತುರಿಸಿತು.

“ಹೆಂಡ್ತಿಗೆ ಬಿ.ಪಿ., ಗಂಡನಿಗೆ ಪಥ್ಯ,” ಎಂದ ಮೇಸ್ತ್ರಿ. “ನಾಳೆ ಹೆರಿಗೆ ನೋವೂ ಇವನೇ ತಿಂತಾನೆ ನೋಡ್ತಿರಿ.”

ಪಥ್ಯದ ವಿಷಯ ನಿಜವೇ. ರಕ್ತದೊತ್ತಡ ಏರಿದೆ ಎಂದ ದಿನ ಆಸ್ಪತ್ರೆಯ ನರ್ಸಕ್ಕ ಬಿಡಿಸಿ ಹೇಳಿದ್ದಳು: “ಮಾತ್ರೆ ತಪ್ಪಿಸಬೇಡಿ. ಪೊಟ್ಟಣದ ತಿಂಡಿ, ಕುರುಕಲು ಬಿಡಿ. ಅಡುಗೆಗೆ ಉಪ್ಪು ಹದವಾಗಿರಲಿ, ಪೂರ್ತಿ ಬಿಡೋದು ಬೇಡ. ಕಾಳು, ಸೊಪ್ಪು, ಹಣ್ಣು, ಹಾಲು ಕೊಡಿ. ಅವಳನ್ನ ಉಪವಾಸ ಕೆಡವಬೇಡಿ, ನೀರು ಕಡಿಮೆ ಮಾಡಬೇಡಿ. ತಪಾಸಣೆಗೆ ಬರ್ತಾ ಇರಿ.” ಹದ ಎಂಬುದು ಅವನ ಜಾಯಮಾನದಲ್ಲೇ ಇಲ್ಲ. ಮನೆಗೆ ಬಂದವನೇ ಉಪ್ಪಿನ ಡಬ್ಬಿಯನ್ನು ಎತ್ತಿ ತಿಪ್ಪೆಗೆ ಎಸೆದಿದ್ದ. ಅಮ್ಮ ಬೈದಳು. “ಒಲೆ ಮುಂದೆ ನಾನೇ ನಿಲ್ತೀನಿ, ನೀನು ಸುಮ್ನಿರು,” ಎಂದು ಅವಳ ಬಾಯಿ ಮುಚ್ಚಿಸಿದ್ದ. ಹೆಂಡತಿಯೊಬ್ಬಳೇ ಸಪ್ಪೆ ತಿನ್ನುವುದು ಬೇಡವೆಂದು ತಾನೂ ಅದನ್ನೇ ತಿಂದ. ಹೋದ ವಾರ ಅವಳು ತಪಾಸಣೆಗೆ ಹೊರಟಾಗ ನಕ್ಕು, “ಮನೇಲಿ ಉಪ್ಪೇ ಇಲ್ಲ, ಇನ್ನು ಬಿ.ಪಿ. ಎಲ್ಲಿಂದ ಬರುತ್ತೆ? ರಜ ಹಾಕಕ್ಕಾಗಲ್ಲ, ಮುಂದಿನ ವಾರ ನೋಡೋಣ,” ಎಂದಿದ್ದ.

ಅಂಗೈ ಮುಷ್ಟಿಯಾಗುವ ಹೊತ್ತಿಗೆ ಬಾಗಿಲಿಂದ ಹೆಂಡತಿ ಕರೆದಳು.

“ರೀ, ಕಣ್ಣ ಮುಂದೆ ಕಿಡಿ ಕಿಡಿ ಹಾರ್ತಿದೆ. ನಿಮ್ಮ ವೆಲ್ಡಿಂಗ್ ಥರ.”

ಕಬ್ಬಿಣ ಉಜ್ಜುವ ಗ್ರೈಂಡರ್ ಹಿಡಿಯುವ ಹಿರಿಯ ತಲೆಯಾಡಿಸಿದ. “ವೆಲ್ಡಿಂಗ್ ಬೆಳಕು ಹೊಡೆದಿರುತ್ತೆ ಕಣಮ್ಮ. ಕಪ್ಪು ಗಾಜಿಲ್ಲದೆ ನೋಡಿದ್ರೆ ಹಂಗೇ. ಆಲೂಗಡ್ಡೆ ಹೋಳು ಕಣ್ಣ ಮೇಲಿಟ್ಟು ಮಲಕ್ಕೋ, ಬೆಳಗಾಗೋದ್ರಲ್ಲಿ ಸರಿಹೋಗುತ್ತೆ.”

“ಇನ್ನೇನು ಮತ್ತೆ,” ಎಂದ ಮೇಸ್ತ್ರಿ.

ಕಿಡಿಗೂ ಹಾಗೇ ಅನಿಸಿತು. ಹಾಗಿದ್ದರೆ ಸಾಕಪ್ಪಾ ಎಂದು ಮನಸ್ಸು ಆ ಮಾತಿಗೆ ಜೋತುಬಿದ್ದಿತು. ಅಂಥ ಕಣ್ಣುರಿಯನ್ನು ಅವನು ಎಷ್ಟು ಸಲ ತಿಂದಿಲ್ಲ. ಎದ್ದು ಹೋಗಿ ಅವಳ ಗಲ್ಲ ಎತ್ತಿ ನೋಡಿದ.

ಕಣ್ಣು ಕೆಂಪಾಗಿರಲಿಲ್ಲ. ನೀರು ಸುರಿಯುತ್ತಿರಲಿಲ್ಲ.

“ಮರಳು ಬಿದ್ದಂಗೆ ಚುಚ್ಚುತ್ತಾ?”

“ಇಲ್ಲ. ಚುಚ್ಚಲ್ಲ. ಬರೀ ಮಿಂಚು.”

ಬೆಳಕು ಹೊಡೆದರೆ ಉರಿ ಏಳಲು ಗಂಟೆಗಟ್ಟಲೆ ಬೇಕು. ಅವಳು ಬಂದದ್ದು ಈಗ. ಅವನು ತಿರುಗಿ ಯಂತ್ರದ ಕಡೆ ನೋಡಿದ. ವೈರು ಸುರುಳಿ ಸುತ್ತಿ ಗೋಡೆಗೆ ನೇತುಬಿದ್ದಿತ್ತು. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಅವಳು ಬಂದಮೇಲೆ ಇಲ್ಲಿ ಒಂದು ಕಿಡಿಯೂ ಹಾರಿರಲಿಲ್ಲ.



“ತಲೆ ನೋಯ್ತಿದೆಯಾ?”

“ಬೆಳಿಗ್ಗೆಯಿಂದ ಸಿಡೀತಿದೆ. ಉಪ್ಪು ತಿನ್ನದೆ ಹಿಂಗಾಗಿದೆ ಅಂತ ಅತ್ತೆ ಅಂದ್ರು. ನಿಮಗೆ ಹೇಳಿದ್ರೆ ಅವರ ಮೇಲೆ ರೇಗ್ತೀರಿ ಅಂತ…” ಅವಳು ಬಲಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡಳು. “ಇಲ್ಲೂ ಹಿಡ್ಕೊಂಡಿದೆ. ಗ್ಯಾಸ್ ಇರಬೇಕು.”

ನರ್ಸಕ್ಕ ಬಾಗಿಲವರೆಗೆ ಬಂದು ಹೇಳಿದ ಮಾತು ಈಗ ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು. ತಲೆ ಸಿಡಿದರೆ, ಕಣ್ಣಿಗೆ ಮಿಂಚು ಹೊಡೆದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಮನೆಮದ್ದು ಅಂತ ಕೂರಬೇಡ, ಎತ್ತಿಕೊಂಡು ಓಡಿ ಬಾ. ಪಥ್ಯದಿಂದ ಇಳಿಯೋದಲ್ಲ ಅದು. ತಾಯಿ ಮಗು ಇಬ್ಬರೂ ಕೈತಪ್ಪಬಹುದು. ಮೂರೂ ಒಟ್ಟಿಗೇ ಬಂದು ಕೂತಿದ್ದವು. ಉಪ್ಪಿನ ಡಬ್ಬಿಯ ಜೊತೆ ಕಾಯಿಲೆಯನ್ನೂ ತಿಪ್ಪೆಗೆಸೆದೆನೆಂದು ಅವನು ಬೀಗುತ್ತಿದ್ದಾಗ, ಅದು ಅವಳೊಳಗೆ ಸದ್ದಿಲ್ಲದೆ ಏರುತ್ತಿತ್ತು. ತಪಾಸಣೆ ತಪ್ಪಿಸಿದವನು ಅವನೇ.

“ಮಗು ಆಡ್ತಿದೆಯಾ?” ಎಂದು ಕೇಳಲು ಬಾಯಿ ತೆರೆದ. ಉತ್ತರಕ್ಕೆ ಹೆದರಿ ಕೇಳಲಿಲ್ಲ.

“ಏಳು. ಮೆಲ್ಲಗೆ. ಆಸ್ಪತ್ರೆಗೆ.”

ಅವಳ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡ. ಮುಷ್ಟಿ ಯಾವಾಗ ಬಿಚ್ಚಿತೋ ತಿಳಿಯಲಿಲ್ಲ.

“ಎಲ್ಲಿಗೋ?” ಮೇಸ್ತ್ರಿ ಎದ್ದು ನಿಂತ. “ಕರೆಂಟು ಬಂದ ತಕ್ಷಣ ಗೇಟಿನ ವೆಲ್ಡಿಂಗ್ ಮುಗೀಬೇಕು, ಅದನ್ನ ಒಯ್ಯೋಕೆ ಸಂಜೆಗೆ ಗಾಡಿ ಬರುತ್ತೆ. ಬರೀ ಕಣ್ಣುರಿಗೆ ಹೆಂಡ್ತಿನ ಮೆರವಣಿಗೆ ಮಾಡ್ತಾನಂತೆ. ಈಗ ಹೊಸಿಲು ದಾಟಿದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡ.”

ಗ್ರೈಂಡರಿನ ಹಿರಿಯ ನಗಲಿಲ್ಲ. ಉಳಿದವರು ಇವನ ಮುಖವನ್ನೇ ನೋಡುತ್ತಿದ್ದರು. ಈಗ ಸಿಡಿಯುತ್ತಾನೆ ಎಂದು ಒಬ್ಬ ತನ್ನ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ.

“ಕೇಳಿಸ್ತೇನೋ ಸಪ್ಪೆ? ನಿಂಗೇ ಹೇಳ್ತಿರೋದು.”

“ಮೇಸ್ತ್ರಿ ಏನೋ ಅಂತಿದ್ದಾರೆ ಕಣ್ರೀ,” ಎಂದಳು ಅವಳು, ಅವನ ಭುಜಕ್ಕೆ ಹಣೆ ಒತ್ತಿ.

ಅವನು ಅವಳ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಿ, ರಸ್ತೆಯಲ್ಲಿ ಆಟೋ ಬರುವ ದಿಕ್ಕಿಗೆ ಕಣ್ಣು ನೆಟ್ಟು, ಹೊಸಿಲು ದಾಟಿ ನಡೆದ.