ನೀರು ಬಂದ ಹೊಲ

"ಏ ಜಟ್ಯಾ, ಸೂಳೆಮಗನೆ, ಸೊಂಟ ಬಗ್ಸೋ! ಸರ್ಕಾರದ ಕೆಲ್ಸ ಅಂದ್ರೆ ಮಾವನ ಮನೆ ಅಂತ ಮಾಡೀಯೇನು?"

ಹೊಸದಾಗಿ ಕಡಿಯುತ್ತಿದ್ದ ಕಾಲುವೆಯ ಏರಿಯ ಮೇಲೆ ಕೊಡೆ ಹಿಡಿದು ನಿಂತಿದ್ದ ಸದಾಶಿವಪ್ಪ ಗೌಡರು ಕೂಗಿದರು. ಊರಾಚೆಯ ಕೇರಿಯ ಜಟ್ಟಪ್ಪ ಗುದ್ದಲಿ ಎತ್ತಿ ಹಾಕಿದ. ಅವನ ಹೆಂಡತಿ ಹೂವಮ್ಮ ಮಣ್ಣಿನ ಬುಟ್ಟಿ ಹೊತ್ತು ಏರಿ ಹತ್ತಿದಳು. ಕೂಲಿಯಿಲ್ಲ. ಇದು ಶ್ರಮದಾನ, ಪಂಚವಾರ್ಷಿಕ ಯೋಜನೆಗೆ ಊರಿನವರು ಕೊಡುವ ದಾನ ಎಂದು ಗ್ರಾಮಸೇವಕ ಹೇಳಿದ್ದ. ಗೌಡರ ಮನೆಯಿಂದ ಯಾರೂ ದಾನಕ್ಕೆ ಬಂದಿರಲಿಲ್ಲ.

ಆದರೂ ಗಂಡಹೆಂಡತಿ ಉಮೇದಿನಿಂದಲೇ ದುಡಿದರು. ಕಾಲುವೆ ಹೋಗುತ್ತಿದ್ದುದು ಅವರು ಗೇಣಿಗೆ ಮಾಡುತ್ತಿದ್ದ ಗೌಡರ ಹೊಲದ ಪಕ್ಕದಲ್ಲೇ. ಜಟ್ಟಪ್ಪನ ಅಪ್ಪನ ಕಾಲದಿಂದ ಅಲ್ಲಿ ರಾಗಿ, ಹುರುಳಿ ಬಿಟ್ಟು ಬೇರೇನೂ ಬೆಳೆದಿರಲಿಲ್ಲ.

"ಬರೋ ವರ್ಸ ಭತ್ತ ಹಾಕನ. ಮಕ್ಳು ಅನ್ನ ಉಣ್ಲಿ," ಎಂದಿದ್ದಳು ಹೂವಮ್ಮ.

ಕಾಲುವೆ ಮುಗಿಯುತ್ತಲೇ ಗೌಡರು ಜಟ್ಟಪ್ಪನನ್ನು ಕರೆಸಿ ಜಗಲಿಯ ಕೆಳಗೆ ನಿಲ್ಲಿಸಿದರು.

"ಹೊಲ ಬಿಡು. ನೀರ್ ಬಂತು, ಖುಷ್ಕಿ ಹೋಗಿ ತರಿ ಆತು. ಇನ್ ನಾವೇ ಮಾಡ್ತೀವಿ."

"ಕಾಲ್ವೆ ಕಡ್ದೋರು ನಾವಲ್ರೀ ಗೌಡ್ರೇ? ಹೊಟ್ಟಿಗೆ ಏನ್ ತಿನ್ನನ?"

"ಕಡ್ದೆ ಅಂತ ನಿಮ್ಮಪ್ಪನ ಆಸ್ತಿ ಆತೇನೋ, ಬೇವಾರ್ಸಿ? ಕೂಲಿಗೆ ಬಾ."

ಜಟ್ಟಪ್ಪ ಉಡುತಡಿ ದಾಟಿ ಶಿಕಾರಿಪುರಕ್ಕೆ ನಡೆದ. ಯೋಜನೆಯ ಸಾಹೇಬರ ಮುಂದೆ ಅಡ್ಡಬಿದ್ದ. ಸಾಹೇಬರು ಕಾಲು ಹಿಂದಕ್ಕೆಳೆದುಕೊಂಡರು.

"ನೀರು ಕೊಡೋದಷ್ಟೇ ನಮ್ಮ ಕೆಲಸ ಕಣಯ್ಯ. ಹೊಲ ಯಾರು ಮಾಡ್ತಾರೆ ಅನ್ನೋದು ಯೋಜನೆಯಲ್ಲಿಲ್ಲ. ದೇಶ ಮುಂದೆ ಬರಬೇಕು ಅಂದ್ರೆ..." ಮಾತು ಮುಗಿಸದೆ ಜೀಪು ಹತ್ತಿದರು.

ಜಟ್ಟಪ್ಪ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಎಷ್ಟು ಅಲುಗಿಸಿದರೂ ಏಳಲಿಲ್ಲ. ಹೂವಮ್ಮ ಬೈದಳು, ಅತ್ತಳು.

ನೀರು ಬಿಡುವ ದಿನ ತೂಬಿಗೆ ತೋರಣ ಕಟ್ಟಿ, ವಾಲಗದವರನ್ನು ಕರೆಸಿದ್ದರು. ಸಾಹೇಬರು ಹಾರ ಹಾಕಿಸಿಕೊಂಡು ಭಾಷಣ ಮಾಡಿದರು. ಗೌಡರ ಆಳು ತೂಬು ಎತ್ತಲು ಹೋಗುವಷ್ಟರಲ್ಲಿ ಹೂವಮ್ಮ ಕಾಲುವೆಗೆ ಇಳಿದು ಅಡ್ಡಲಾಗಿ ಮಲಗಿದಳು.

"ಎದ್ದೇಳೇ ಮುಂಡೆ!" ಗೌಡರು ಅರಚಿದರು.

"ಯಾರ್ಲಾ ಮುಂಡೆ? ನನ್ ಗಂಡ ಇನ್ನೂ ಉಸ್ರಾಡ್ತಾನೆ. ಬಿಡ್ರೋ ನೀರು! ನನ್ ಹೆಣದ್ ಮ್ಯಾಲೆ ಭತ್ತ ನೆಡ್ರೋ!"

ಕೇರಿಯವಳನ್ನು ಮುಟ್ಟಿ ಎಳೆಯಲು ಯಾರೂ ಇಳಿಯಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು.

"ಎತ್ತೋ ತೂಬು," ಎಂದರು ಗೌಡರು.

ನೀರು ಮೊದಲು ಅವಳ ಸೆರಗನ್ನು ಎತ್ತಿತು, ಆಮೇಲೆ ಕೂದಲನ್ನು. ಬಾಯಿಯ ತನಕ ಬಂದರೂ ಅವಳು ಎರಡು ಕೈಯಲ್ಲೂ ತಳದ ಮಣ್ಣು ಹಿಡಿದು ಮಲಗೇ ಇದ್ದಳು. ಏರಿಯ ಮೇಲೆ ವಾಲಗದವರು, ಊದಬೇಕೋ ಬೇಡವೋ ತಿಳಿಯದೆ, ಸಾಹೇಬರ ಮುಖ ನೋಡುತ್ತಿದ್ದರು.